ಆರ್

ಮಂಗಳೂರು ಬಿಟ್ಟ ಲಾರಿ ಬೆಳಗಿನ ಜಾವ
ಮಂಡಿ ಮೊಹಲ್ಲಾಕ್ಕೆ ಹಿಮ್ಮುಖ ಬಂದು ನಿಲ್ಲುತ್ತದೆ,
ಬಾಗಿಲ ಸಂದಿಯಿಂದ ಐಸು ನೀರು ಸುರಿಸುತ್ತ.
ಸಮುದ್ರವಿಲ್ಲದ ಮೈಸೂರಿಗೆ ಸಮುದ್ರ ಬರುವುದು ಹೀಗೆ,
ಥರ್ಮಾಕೋಲ್ ಡಬ್ಬಿಯಲ್ಲಿ, ಕಿಲೋ ಲೆಕ್ಕದಲ್ಲಿ,
ಮೊದಲು ವಾಸನೆ, ಆಮೇಲೆ ಮೀನು.

ಸಣ್ಣತಾಯಮ್ಮ ಡಬ್ಬಿಗೆ ಕೈ ಹಾಕಿದಳು.
ಹೊಳೆಮೀನು ಹಿಡಿದ ಮನೆತನ,
ಈಗ ಕಡಲಿನದು ಮಾರುವ ಕೈ.
ಸಿಗಡಿ ತಲೆಯ ಗರಗಸ ಹೆಬ್ಬೆರಳಿಗೆ ಹೊಕ್ಕಿತು,
ಇರುವೆ ಕಚ್ಚಿದಷ್ಟು.
ಸುಣ್ಣ ಹಚ್ಚಿದಳು. ಅರಿಶಿನ ಹಚ್ಚಿದಳು.
ಮೂಲೆ ಮೆಡಿಕಲ್ಲಿನವನು ಕೊಟ್ಟ ಗುಳಿಗೆ ಎರಡು ನುಂಗಿ
ಮಿಕ್ಕಿದ್ದನ್ನು ಎಲೆಅಡಿಕೆ ಚೀಲದಲ್ಲಿಟ್ಟಳು,
ಮೊಮ್ಮಗನ ಜ್ವರಕ್ಕೆ ಆಗುತ್ತದೆಂದು.
ನಾಲ್ಕನೇ ದಿನಕ್ಕೆ ಮುಂಗೈ ಬದನೆಕಾಯಿ ಬಣ್ಣ.

ಆ ಕೈಯ ಕೀವು ನನ್ನ ಮೇಜಿಗೆ ಬಂತು,
ನಂಬರು ನಾನೂರ ಹದಿನೇಳು.
ಸೂಕ್ಷ್ಮದರ್ಶಕದಡಿ ಗುಲಾಬಿ ಗೀರುಗಳು,
ಒಂದೊಂದೂ ಅಲ್ಪವಿರಾಮದ ಹಾಗೆ ಬಾಗಿ,
ವಿರಾಮವನ್ನೇ ಅರಿಯದವು.

ತಿಳಿಬೆಲ್ಲದ ಬಣ್ಣದ ತಟ್ಟೆಯ ಮೇಲೆ ಅವನ್ನು ಬಿತ್ತಿ
ಹನ್ನೆರಡು ಕಾಗದದ ಬಿಲ್ಲೆ ಇಟ್ಟೆ,
ತೊಗರಿಬೇಳೆ ಗಾತ್ರದವು, ಹನ್ನೆರಡು ಮದ್ದು.
ನಾನು ಪಾಂಡವಪುರದ ಕಡೆಯವನು, ನನಗಿದು ಕಣ:
ಮದ್ದು ಗೆದ್ದರೆ ಬಿಲ್ಲೆಯ ಸುತ್ತ
ಸಗಣಿ ಸಾರಿಸಿದಂತೆ ದುಂಡಗೆ ಬಯಲಾಗಬೇಕು,
ಒಂದು ಗರಿಕೆಯೂ ಇರಬಾರದು.

ಬೆಳಿಗ್ಗೆ ತೆಗೆದು ನೋಡಿದರೆ ಬಿಲ್ಲೆಯ ಬುಡದವರೆಗೂ ಬೆಳೆ.
ಒತ್ತುವರಿಯಾದ ಹೊಲದಲ್ಲಿ ಗಡಿಕಲ್ಲು ನಿಂತ ಹಾಗೆ
ನಿಂತಿದ್ದವು ಹನ್ನೊಂದು.
ಹನ್ನೆರಡನೆಯದರ ಸುತ್ತ ಉಗುರಗಲ ಬಯಲು.
ಅದು ಸೂಜಿಮದ್ದು, ದಿನಕ್ಕೆ ಮೂರು ಸಲ,
ಅವಳ ಒಂದು ವಾರದ ವ್ಯಾಪಾರ ಒಂದು ದಿನಕ್ಕೆ.

ಯಾರೂ ಹೇಳಿರಲಿಲ್ಲ. ನಾನೇ ಹಿಂದಿನ ದಿನ
ಅವಳ ಸೊಸೆಯ ಹತ್ತಿರ ಕಾಲು ಕಿಲೋ ಸಿಗಡಿ ತಂದು
ತೊಳೆದ ನೀರನ್ನು ಇನ್ನೊಂದು ತಟ್ಟೆಗೆ ಬಿತ್ತಿದ್ದೆ.
ಎರಡನ್ನೂ ಕಿಟಕಿಗೆ ಹಿಡಿದೆ. ಅವಳಿಜವಳಿ.
ಯಾವ ಕೊಳದಲ್ಲೋ, ಯಾವ ಮೇವಿನ ಮೂಟೆಯಲ್ಲೋ ಬೆರೆಸಿದ್ದ ಮದ್ದನ್ನು
ಅವಳಿಗಿಂತ ಮೊದಲೇ ಸಿಗಡಿ ನುಂಗಿತ್ತು,
ಅವು ಅಲ್ಲೇ ಪಾಠ ಕಲಿತು ಬಂದಿದ್ದವು.
ಅಥವಾ ಇಲ್ಲವೋ. ಎರಡೇ ತಟ್ಟೆ ಇಟ್ಟುಕೊಂಡು
ಇಷ್ಟೆಲ್ಲ ಹೇಳಬಾರದು ಎನ್ನುತ್ತಾರೆ ನಫೀಸಾ ಮೇಡಂ.
ರಿಪೋರ್ಟಿಗೆ ಸಿಗಡಿಯ ಕಾಲಮ್ಮೂ ಇಲ್ಲ.

ಇರುವುದು ಮದ್ದಿನ ಹೆಸರು, ಎದುರಿಗೆ ಒಂದು ಇಂಗ್ಲಿಷ್ ಅಕ್ಷರ.
ಆರ್. ಆರ್. ಆರ್.
ಹನ್ನೊಂದು ಸಲ ಬರೆದೆ.

ಬೆಂಚಿನ ಮೇಲೆ ಕೂತಿದ್ದಳು,
ಕಟ್ಟು ಹಾಕಿದ ಕೈಯನ್ನು ಕೂಸಿನ ಹಾಗೆ ಎತ್ತಿಕೊಂಡು.
'ಏನಂತ ಬರ್ದಿದ್ದೀಯಪ್ಪ, ವಸಿ ಓದು.'
'ಆರ್' ಎಂದೆ.
'ಆರ್ತದೆ ಅಂತಲಾ?'

ಆರುವುದೆಂದರೆ ಗಾಯ ಮಾಯುವುದು,
ಒಗೆದ ಸೀರೆ ಒಣಗುವುದು,
ಸಾರು ತಣ್ಣಗಾಗುವುದು,
ದೀಪ ಹೋಗುವುದು.
ಯಾವುದು ಆರುತ್ತದೆಂದು ಅವಳು ಕೇಳಲಿಲ್ಲ.
ಹೂಂ ಅಂದೆನೋ ಇಲ್ಲವೋ ನೆನಪಿಲ್ಲ.

'ಚೀಲದಲ್ಲಿರೋ ಗುಳಿಗೆ ಕೊಡವ್ವ' ಎಂದೆ.
ಕೊಡಲು ಮನಸ್ಸಿರಲಿಲ್ಲ, ದುಡ್ಡು ಕೊಟ್ಟಿದ್ದಳಲ್ಲ.
ಸುಣ್ಣ ಮೆತ್ತಿದ ಎಂಟು ಗುಳಿಗೆ,
ಎಡಗೈಯಿಂದ ಒಂದೊಂದೇ ಎಣಿಸಿ ನನ್ನ ಅಂಗೈಗೆ ಹಾಕಿದಳು.
'ನೀನೂ ಮನೇಲಿ ಮಡಗ್ಕೊ, ಯಾತಕ್ಕಾರ ಆಯ್ತದೆ.'

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ,
ಹೋದ ಮಾಘದ ಕೆಮ್ಮಿನದು,
ಮೂರು ಇವೆ.