ಕಂಕುಳಿನ ಗಂಟು

ಕೆರಿಯಪ್ಪ ಬಂದದ್ದು ಮಂಗಳವಾರ, ಐಸ್ ಡಬ್ಬಿ ಹೊತ್ತು,
ಕಾರ್ಗಲ್ಲಿನ ಆಚೆಯ ಕಾಡಿಂದ, ಎರಡು ಬಸ್ಸು ಬದಲಿಸಿ.
"ಮುಸಿಯ, ಮೇಡಂ. ಸತ್ತು ಒಂದು ದಿನ ಆಗಿರಬಹುದು.
ಮರದ ಬುಡಕ್ಕೆ ಒರಗಿ, ಕೂತ ಹಾಗೇ ಇತ್ತು.
ಸುತ್ತ ಪುಡಿ ಚೆಲ್ಲಿಸಿ ಬಂದೆ."

ರಿಜಿಸ್ಟರಿಗೆ ಸಹಿ ಹಾಕಿ ಅಂಗಿಯ ತೋಳೆತ್ತಿದ:
ಲಸಿಕೆ ಚುಚ್ಚಿದ್ದು ತೋಳಿಗೆ, ಗಂಟು ಎದ್ದದ್ದು ಕಂಕುಳಿಗೆ.
"ಇಲ್ಲಿಗೆ ಸುದ್ದಿ ಮುಟ್ಟಿಸಿದ್ದು ಯಾರು?"

ಹತ್ತೊಂಬತ್ತು ವರ್ಷ ಶಿವಮೊಗ್ಗದ ಈ ಲ್ಯಾಬಿನಲ್ಲಿ
ಕೊಳವೆ ಅಲುಗಿಸಿದ್ದೇನೆ,
ಒಬ್ಬರೂ ಇಷ್ಟು ನೇರ ಕೇಳಿರಲಿಲ್ಲ.
ರದ್ದಿ ಚೀಟಿಯ ಬೆನ್ನಿಗೆ ಗೀಚಿದೆ:
ಕೊಂಬೆಗಳೇ ಮೈಯಾದ ಒಂದು ಕೋಶ.
"ಕಾರೆ ಕಂಟಿ," ಅಂದ.
ಹೌದು ಅನ್ನಿ. ಚರ್ಮದೊಳಗೆ ಕೈಚಾಚಿ ಕೂತಿರುತ್ತದೆ,
ಹಾದುಹೋದವರ ಸೆರಗು ಹಿಡಿಯಲು.

ಸಾಯುವುದು ಅಲ್ಲಿ ದಿನದ ಕೆಲಸ.
ಹಳೆಯ ಕೋಶ ಮುದುಡುತ್ತದೆ, ಗುಳ್ಳೆ ಗುಳ್ಳೆಯಾಗುತ್ತದೆ,
ಪೊರೆಯ ಒಳಮೈ ಹೊರಗೆ ಹೊರಳುತ್ತದೆ,
ಅವಸರಕ್ಕೆ ತಿರುವಿ ತೊಟ್ಟ ಅಂಗಿಯಲ್ಲಿ
ಹೊಲಿಗೆ ಕಾಣುವ ಹಾಗೆ.
ಗುರುತು ಅಷ್ಟೇ: ನನ್ನನ್ನು ಎತ್ತಿಕೋ.
ಕಂಟಿ ಎತ್ತಿಕೊಳ್ಳುತ್ತದೆ, ಕತ್ತರಿಸುತ್ತದೆ, ಅರಗಿಸುತ್ತದೆ,
ಪೂರ್ತಿ ಅಲ್ಲ.
ಎಂಟೋ ಒಂಬತ್ತೋ ಮಣಿಗಳ ಚೂರೊಂದನ್ನು ಉಳಿಸಿಕೊಳ್ಳುತ್ತದೆ,
ಕೆಂಪುಮೂತಿ ಮಂಗ ಕೆನ್ನೆಚೀಲದಲ್ಲಿ
ಕಾಳು ಒತ್ತಿಟ್ಟ ಹಾಗೆ.

"ಕಾಯಿಲೆಯಿಂದ ಸತ್ತದ್ದಾದರೆ?"
ಕಂಟಿಗೇ ಕಾಯಿಲೆ ತಗಲಬೇಕೆಂದಿಲ್ಲ, ಅಂದೆ.
ಸತ್ತದ್ದು ಪಕ್ಕದ ಮನೆಯವನು.
ಅವನ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು
ತನ್ನ ಬಾಗಿಲಿಗೆ ನೇತುಹಾಕುತ್ತದೆ,
ಸೋಂಕಿದವರು ತಮ್ಮ ಗುರುತು ತೂಗುಬಿಡುವ
ಅದೇ ಗೂಟಕ್ಕೆ.
ಇದು ಅಡ್ಡದಾರಿ. ಈ ದಾರಿ ಇಲ್ಲದಿದ್ದರೆ
ಎಷ್ಟೋ ಸಾವುಗಳು ಬರಿಯ ಸಾವುಗಳಾಗಿ ಉಳಿಯುತ್ತಿದ್ದವು.

ಕೆರಿಯಪ್ಪ ಡಬ್ಬಿಯ ಕಡೆ ನೋಡಿದ.

ಆಮೇಲೆ ಅದು ತಿನ್ನುವುದನ್ನೇ ಬಿಡುತ್ತದೆ.
ಬೇರು ಕಿತ್ತುಕೊಂಡು ಹೊರಡುತ್ತದೆ,
ಬಣ್ಣವಿಲ್ಲದ ನೀರಿನ ಸಣ್ಣ ಓಣಿ, ದೊಡ್ಡ ಓಣಿ,
ಒಂದು ಹಗಲು ಒಂದು ರಾತ್ರಿ, ಕಂಕುಳಿನ ತನಕ.
ನಮ್ಮ ಬಸ್ ಸ್ಟ್ಯಾಂಡ್ ನೋಡಿದ್ದೀಯಲ್ಲ,
ಫೋಟೋ ಹಿಡಿದು ಕಂಬದ ಹತ್ತಿರ ಒಬ್ಬಳು ನಿಂತು
ಎಲ್ಲರನ್ನೂ ಕೇಳುತ್ತಾಳೆ ಅಂತಿಟ್ಟುಕೋ:
ಈ ಮುಖ ಗೊತ್ತಾ? ನಿಮಗೆ? ನಿಮಗೆ?
ಭದ್ರಾವತಿಗೆ ಹೋಗುವವರು ತಲೆ ಅಲ್ಲಾಡಿಸುತ್ತಾರೆ.
ಹೊಸನಗರದವರು ನಿಲ್ಲುವುದೂ ಇಲ್ಲ.
ಲಕ್ಷ ಜನರಲ್ಲಿ ಒಬ್ಬ,
ಆ ಮುಖವನ್ನು ಎಂದೂ ಕಾಣದೆಯೇ ಬಲ್ಲವನು,
ಬಸ್ಸು ತಪ್ಪಿದರೂ ನಿಲ್ಲುತ್ತಾನೆ.
ಒಬ್ಬ ಇಬ್ಬರಾಗುತ್ತಾರೆ, ಇಬ್ಬರು ನಾಲ್ವರು.
ಆ ನೂಕುನುಗ್ಗಲೇ ನಿನ್ನ ಗಂಟು.

"ಎಲ್ಲ ಸಾವಿಗೂ ಹೀಗೆ ಕೂಗಿದರೆ
ಊರು ಉಳಿಯುತ್ತದಾ ಮೇಡಂ?"

ಇಲ್ಲ. ವಯಸ್ಸಾಗಿ ಸದ್ದಿಲ್ಲದೆ ಹೋದವರನ್ನೂ
ಹೊತ್ತು ತರುತ್ತದೆ, ಆದರೆ ದನಿ ಬೇರೆ:
ಇವನು ನಮ್ಮವನೇ, ಸುಮ್ಮನಿರಿ.
ಕತ್ತಿ ಮಸೆದುಕೊಂಡು ಬಂದವರು ಅದನ್ನು ನೋಡಿ
ಕೆಲವರು ಅಲ್ಲೇ ಸಾಯುತ್ತಾರೆ, ಕೆಲವರು ತಣ್ಣಗಾಗುತ್ತಾರೆ.
ಎರಡು ದನಿಯ ನಡುವಿನ ಗೆರೆ ಎಲ್ಲಿದೆ
ಅಂತ ನನಗೂ ನೆಟ್ಟಗೆ ತಿಳಿಯದು.
ಅಪಾಯದ ವಾಸನೆ ಅಂತಾರೆ. ಇರಬಹುದು.

ಚಹಾ ಆರಿತ್ತು. ಕೆನೆ ಬೆರಳಲ್ಲಿ ತೆಗೆದು ಕುಡಿದ.
"ಸುದ್ದಿ ತಂದದ್ದು ಆಮೇಲೆ ಏನಾಗುತ್ತದೆ?"

ಎರಡು ಮೂರು ದಿನ, ಅಂದೆ.
ಉಳಿದದ್ದು ಹೇಳಲಿಲ್ಲ: ಬಾಗಿಲಲ್ಲಿ ಆ ಗುರುತು ಇರುವುದರಿಂದ
ತಾನೇ ಎಬ್ಬಿಸಿದವರು ಕೆಲವೊಮ್ಮೆ
ಮೊದಲು ಅದರ ಬಾಗಿಲನ್ನೇ ಒಡೆಯುತ್ತಾರೆಂದು.

ಮಾದರಿ ನೂರ ಹದಿನೇಳು. ಮುಸಿಯ, ಹೆಣ್ಣು.
ತಂದವರು ಎಂಬಲ್ಲಿ ವಾಚರ್ ಎಂದು ಬರೆದಿದ್ದೆ,
ಹೊಡೆದುಹಾಕಿ ಹೆಸರು ಬರೆದೆ.
ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ
ಬಾಗಿಲಲ್ಲೇ ನಿಂತಿದ್ದ.
"ಡಬ್ಬಿ ಇವತ್ತೇ ತೊಳೆದು ಕೊಡಿ ಮೇಡಂ.
ಹೊಳೆಯ ಆಚೆ ಇನ್ನೊಂದು ಬಿದ್ದಿದೆಯಂತೆ."