ಏಳಕ್ಕ ಐದು

ಮೈಕಿನ್ಯಾಗ ಹೇಳ್ಯಾರಂತ.
ನನಗ ಕೇಳಿಸಿಲ್ಲ.
ಎಡಗಿವಿ ಹದಿನಾಲ್ಕು ವರ್ಷದ ಹಿಂದ
ಕಲ್ಲು ಪಾಲಿಶ್ ಮಷೀನಿಗಿ ಕೊಟ್ಟೀನಿ,
ಬಲಗಿವಿ ಅರ್ಧ ಅದ.

'ಅಪ್ಪಾ, ಒಂದನೇ ಪ್ಲಾಟ್‌ಫಾರ್ಮ್ ಅಂತ' ಅಂದಳು ಭಾಗ್ಯವಂತಿ.
'ಸುಮ್ನ ಕೂಡು, ನಾಕನೇದಕ್ಕೇ ಬರ್ತದ, ಯಾವಾಗಲೂ' ಅಂದೆ.
ಯಾವಾಗಲೂ ಅಂದ್ರ
ವಾಡಿ ಜಂಕ್ಷನ್ನಿನ್ಯಾಗ ನಾ ಆ ಗಾಡಿ ಹತ್ತಿದ್ದು
ಒಮ್ಮೆ, ಮದಿವಿಗಿ ಮೊದಲು.

ನಡುವ ಸಿಮೆಂಟಿನ ಗೂಡ್ಸ್ ನಿಂತಿತ್ತು.
ಡಬ್ಬಿ ಡಬ್ಬಿ ಸಂದ್ಯಾಗ
ಹೈದರಾಬಾದಿನ ಗಾಡಿ ಹೊರಟದ್ದು ಕಂಡಿತು:
ಒಂದು ನೀಲಿ ಕಿಟಕಿ, ಕಬ್ಬಿಣ,
ಒಂದು ನೀಲಿ ಕಿಟಕಿ, ಕಬ್ಬಿಣ,
ಆಮ್ಯಾಲ ಬರೇ ಬಿಸಿಲು.

ಆಕಿ ಚೀಲದಾಗ
ಜಿರಾಫಿಗಿ ಅಂತ ತಂದ ಎರಡು ಗಜ್ಜರಿ.

ಅಳ್ತಾಳ ಅಂತ ಕುಂತೆ. ಅಳಲಿಲ್ಲ.
ಎದ್ದು ನನ್ನ ಬಲಗಡಿಗಿ ಬಂದು ಕುಂತಳು,
'ಇನ್ನ ಮುಂದ ಈ ಕಡಿಂದ ಹೇಳ್ತೀನಿ' ಅಂದಳು.
ಬೈದಿದ್ರ ಚಲೋ ಇತ್ತು.

ಹೊಳ್ಳಿ ಹೋಗೋ ಪ್ಯಾಸೆಂಜರ್ ಸಂಜಿ ಆರಕ್ಕ.
ರೊಟ್ಟಿ ಬಿಚ್ಚಿದಿವಿ, ಪುಂಡಿಪಲ್ಯ, ಶೇಂಗಾ ಹಿಂಡಿ.
ಜಿರಾಫಿನ ಗಜ್ಜರಿ ನಾವೇ ಕಡಿದಿವಿ.
'ಉದ್ದ ಕುತ್ತಿಗಿ ಮಾಡಿ ತಿನ್ನಪಾ' ಅಂದಳು. ಮಾಡಿದೆ.
ಚಹಾ ಮಾರಾಂವ ನೋಡ್ತಾ ನಿಂತ. ನಿಂದ್ರಲಿ.

ನೆಲ ಶಹಾಬಾದ್ ಕಲ್ಲು. ಚಪ್ಪಲಿ ಬಿಟ್ಟೆ.
ಅಂಗಾಲಿನ್ಯಾಗ ಏನೋ ಹರಿದಂಗಾತು,
ಇರುವಿ ಸಾಲಿನಂಗ.
'ಗಾಡಿ ಬಂತು' ಅಂದೆ.
'ಇಲ್ಲಪಾ, ಸಪ್ಪಳೇ ಇಲ್ಲ.'
'ಬಂತು. ಭಾರದ್ದು. ರಾಯಚೂರ ಕಡಿಂದ.'
(ಕಡಿ ನನಗೂ ಗೊತ್ತಿರಲಿಲ್ಲ, ಸುಮ್ನ ಅಂದೆ.)
ಆಕಿ ಬೆರಳು ಎಣಿಸ್ತಾ ಇಪ್ಪತ್ತಕ್ಕ ಬಂದಾಗ
ದೂರ ಹಾರ್ನ್ ಕೂಗಿತು.
ಹಾಲಹಲ್ಲು ಬಿದ್ದ ಜಾಗ ಸೈತ ನಗ್ತಿತ್ತು.

ಆಮ್ಯಾಲ ಪಂದ್ಯ.
ನಂದು ಅಂಗಾಲು, ಆಕಿದು ಕಿವಿ,
ಯಾರು ಮೊದಲ ಹೇಳ್ತಾರ ಅವರಿಗಿ ಒಂದು.
ಬರೇ ಎಂಜಿನ್ ಬಂದ್ರ ಅರ್ಧ ಅಂತ ನಾ ಜಗಳಾಡಿದೆ,
ಅರ್ಧ ಕೊಡಲಿಲ್ಲ.
ನಡುವ ಆಕಿನೂ ಚಪ್ಪಲಿ ಬಿಟ್ಟಳು.
ಮೋಸ ಅಂದೆ.
'ಕಲ್ಲೇನು ನಿಂದಾ?' ಅಂದಳು.

ನಂದೇ ಇರಬಹುದು, ಹೇಳಲಾಕ ಬರಲ್ಲ.
ಎಷ್ಟು ಫರಸಿ ಈ ಕೈಯಾಗ ಹೊಳಪಾಗಿ
ಲಾರಿ ಏರಿ ಹೋಗ್ಯಾವ,
ಎಲ್ಲಿ ಬಿದ್ದಾವ ಅಂತ ನಾ ಕೇಳಿಲ್ಲ.
ಆಕಿ ಅಂಗೈ ಊರಿ
ಕಲ್ಲಿಗಿ ಕಿವಿ ಹಚ್ಚಿ ಮಲಗೇ ಬಿಟ್ಟಳು,
ಹೊಸ ಲಂಗದ ತುಂಬ ಸಿಮೆಂಟ್ ಧೂಳಿ.
ಬೈಯಾಕಿ ಮನ್ಯಾಗ ಅದಾಳ, ಇರಲಿ.

ಆರರ ಪ್ಯಾಸೆಂಜರ್ ಏಳೂವರಿಗಿ ಬಂತು.
ಅದು ಬಂದದ್ದು ಕಾಲಿಗೂ ತಿಳೀಲಿಲ್ಲ, ಕಿವಿಗೂ ತಿಳೀಲಿಲ್ಲ,
ಹಿಂದಿನ ಗಾಡಿ ಯಾರದು ಅನ್ನೋ ಜಗಳದಾಗಿದ್ದಿವಿ.
ಚಪ್ಪಲಿ ಕೈಯಾಗ ಹಿಡಕೊಂಡು
ಓಡಿ ಹತ್ತಿದಿವಿ.

ಬಾಗಿಲಾಗ ಗುರುಬಾಯಿ ನಿಂತಿದ್ದಳು.
'ಬಂದ್ರ್ಯಾ? ಏನಾತು? ಹುಲಿ ನೋಡಿದಿ?'

'ಏಳಕ್ಕ ಐದು' ಅಂದಳು ಭಾಗ್ಯವಂತಿ,
ಕಾಲು ತೊಳೀಲಾಕ ಹೋಗ್ತಾ.

ಗುರುಬಾಯಿ ಗ್ವಾಡಿ ಗಡಿಯಾರ ನೋಡಿದಳು.