ಮಳೆ, ಬಳೆ

ಗೊರಗುಂಟೆಪಾಳ್ಯದ ಫ್ಲೈಓವರಿಗೆ ಕಿಟಕಿ ತೆರೆದ
ಶಾಲೆಯಲ್ಲಿ ವಿಜ್ಞಾನದ ಟೀಚರು ನಾನು.
ಹತ್ತೊಂಬತ್ತು ವರ್ಷದ ಸರ್ವೀಸು.
ತಪಾಸಣೆಗೆ ಬಂದವರು ಪ್ರತಿ ಸಲ ಬರೆದು ಹೋಗಿದ್ದಾರೆ:
‘ಬೋರ್ಡಿನ ಬರಹ ಮುತ್ತು ಪೋಣಿಸಿದಂತಿದೆ.’
ಸುಳ್ಳು ಯಾಕೆ ಹೇಳಲಿ, ಅದೊಂದು ಜಂಬ ನನಗೆ.
ಬರೆಯುತ್ತ ಹೇಳುವುದು, ಹೇಳುತ್ತ ಬರೆಯುವುದು.
ಸೀಮೆಸುಣ್ಣದ ಪುಡಿಯ ಜೊತೆ ಮಾತೂ
ಬೋರ್ಡಿನ ಬುಡಕ್ಕೆ ಉದುರುತ್ತಿದ್ದದ್ದು
ಗೊತ್ತಾಗಿರಲಿಲ್ಲ.

ಐದನೇ ಕ್ಲಾಸಿನ ಜಬೀನ್, ಎರಡನೇ ಬೆಂಚು.
ಕಿವಿಯ ಹಿಂದೆ ಮೆಷಿನ್ನಿದೆ. ಸೆಲ್ಲಿಗೆ ದುಡ್ಡಿದ್ದ ತಿಂಗಳು
ಅದು ಕೆಲಸ ಮಾಡುತ್ತದೆ.
‘ಒಳ್ಳೆ ಹುಡುಗಿ, ಗಲಾಟೆಯಿಲ್ಲ, ಸ್ವಲ್ಪ ಮಂದ’
ಅಂತ ನಾನೇ ಅವಳ ಅಮ್ಮನಿಗೆ ಹೇಳಿದ್ದೆ.
ಗಾರ್ಮೆಂಟ್ಸಿನ ಅರ್ಧ ದಿನದ ಕೂಲಿ ಬಿಟ್ಟು ಬಂದಾಕೆ
ಬಾಗಿಲಲ್ಲೇ ನಿಂತು ತಲೆಯಾಡಿಸಿದ್ದಳು.

ಜಲಚಕ್ರದ ಪಾಠ ಮುಗಿದ ವಾರ
ನೋಟ್ಸು ತಿದ್ದುತ್ತ ಅವಳದ್ದು ಬಂತು.
‘ಸೂರ್ಯನ ಶಾಖಕ್ಕೆ ನೀರು’
ಆಮೇಲೆ ಎರಡು ಬೆರಳಗಲ ಖಾಲಿ.
‘ಮೇಲೆ ಹೋಗಿ’
ಮತ್ತೆ ಖಾಲಿ, ಇಡೀ ಒಂದು ಸಾಲು.
‘ತಣ್ಣಗಾಗಿ ಬಳೆ ಬರುತ್ತದೆ.’
ಆ ಬಳೆಯ ಸುತ್ತ ಕೆಂಪಿಂಕಿನ ಇನ್ನೊಂದು ಬಳೆ ಹಾಕಿ
ಕೆಳಗೆ ಷರಾ ಬರೆದೆ:
‘ಗಮನವಿಟ್ಟು ಕೇಳು.’

ಹೇಳಿದವನು ಓಬಳೇಶ, ಕೂತಲ್ಲಿ ಕೂರದವನು,
ದಿನಕ್ಕೆ ಮೂರು ಸಲ ನಾನೇ ಹೊರಗೆ ನಿಲ್ಲಿಸುವವನು.
ಹೊರಗಿನಿಂದ ಅವನಿಗೆ ಇಡೀ ಕ್ಲಾಸು ಕಾಣುತ್ತಿತ್ತು.
‘ಮಿಸ್, ನೀವು ಆ ಕಡೆ ತಿರುಗಿದ್ರೆ
ಅವ್ಳು ಪೆನ್ಸಿಲ್ ಎತ್ತಿಬಿಡ್ತಾಳೆ.
ಈ ಕಡೆ ತಿರುಗಿದ್ರೆ ಬರೀತಾಳೆ.
ನಿಮ್ ಬೆನ್ನಿಗೆ ಬಾಯಿಲ್ವಲ್ಲ ಮಿಸ್.’

ಆ ರಾತ್ರಿ ಬಚ್ಚಲ ಕನ್ನಡಿಯ ಮುಂದೆ
ದನಿ ತೆಗೆಯದೆ ಅಂದೆ: ಮಳೆ.
ತುಟಿ ಕೂಡಿತು, ಬಿಟ್ಟಿತು.
ಬಳೆ.
ತುಟಿ ಕೂಡಿತು, ಬಿಟ್ಟಿತು.
ನಿಧಾನ ಅಂದೆ, ಬೇಗ ಅಂದೆ,
ಬೆಳಕು ಹೆಚ್ಚು ಮಾಡಿ ಅಂದೆ.
ಎರಡಕ್ಕೂ ಒಂದೇ ಮುಖ.
‘ಒಳಗೆ ಸದ್ದೇ ಇಲ್ಲ, ಹುಷಾರಾಗಿದ್ದೀಯಾ?’ ಅಂದರು ಇವರು.
ಐವತ್ತು ವರ್ಷ ಕನ್ನಡ ಆಡಿದ್ದೇನೆ,
ನೋಡಿರಲಿಲ್ಲ.

ಮನೆಯಲ್ಲಿ ಉರ್ದು, ಇಲ್ಲಿ ನನ್ನ ತುಟಿಯಷ್ಟೇ ಕನ್ನಡ.
ಪ ಇರಬಹುದೆ, ಬ ಇರಬಹುದೆ, ಮ ಇರಬಹುದೆ,
ಒಂದೊಂದು ಪದಕ್ಕೂ ಪಂದ್ಯ ಕಟ್ಟಿ,
ಸೋತ ಜಾಗವನ್ನು ಯಾರಾದರೂ ತುಂಬಲಿ ಅಂತ
ಅಳತೆ ಹಿಡಿದು ಬಿಟ್ಟಿದ್ದಳು ಹುಡುಗಿ.
ಅದು ನನ್ನ ಬೆನ್ನಿನ ಅಳತೆ.
ಮಂದ ಅಂದಿದ್ದೆ.

ಈಗ ಸೀಮೆಸುಣ್ಣ ಓಬಳೇಶನ ಕೈಯಲ್ಲಿ.
ಅವನ ಸಾಲುಗಳು ಫ್ಲೈಓವರಿನಿಂದ ಇಳಿಯುವ ಲಾರಿಗಳ ಹಾಗೆ
ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರುತ್ತವೆ.
ಅವನ ಮೋಡ ಥೇಟು ಬೋಂಡ.
ನಾನು ಬೆಳಕಿಗೆ ಮುಖ ಮಾಡಿ ನಿಂತು ಹೇಳುತ್ತೇನೆ.
ಮಳೆ ಅಂದರೆ ಬೆರಳು ಇಳಿಯಬೇಕು,
ಬಳೆ ಅಂದರೆ ಮಣಿಕಟ್ಟು ಮುಟ್ಟಬೇಕು,
ಇದು ಜಬೀನಳ ಕಾನೂನು.
ಲಾರಿಯ ಹಾರ್ನು ಕಿವಿ ಕಿತ್ತು ಹೋಗುವಾಗ
ಮೊದಲೆಲ್ಲ ಪಾಠ ನಿಲ್ಲುತ್ತಿತ್ತು.
ಈಗ ಆ ಸದ್ದಿನ ನಡುವೆ
ಮೂವತ್ತೆಂಟು ಜೊತೆ ಕೈಗಳು ಮಳೆ ಸುರಿಸುತ್ತವೆ.

‘ಒಬ್ಬಳಿಗೋಸ್ಕರ ಎಲ್ಲರ ಟೈಮು ಹಾಳು’
ಅಂದರು ಸ್ಟಾಫ್ ರೂಮಿನಲ್ಲಿ ಗಣಿತದವರು.
ನಾನು ಟೀ ಕುಡಿದೆ.
ಈ ಸಲದ ತಪಾಸಣೆಯ ಷರಾ:
‘ಬೋರ್ಡಿನ ಬರಹ ಸುಧಾರಿಸಬೇಕು.’
ಓದಿ ಸಹಿ ಹಾಕಿದೆ, ಮುತ್ತಿನಂಥ ಸಹಿ.

ಆದರೂ ಹಳೆಯ ಚಾಳಿ.
ಮಾತಿನ ಭರದಲ್ಲಿ ಕುತ್ತಿಗೆ ತಾನಾಗಿ
ಬೋರ್ಡಿನ ಕಡೆ ಹೊರಳುತ್ತದೆ.
ಆಗ ಎರಡನೇ ಬೆಂಚಿನಿಂದ ಟಕ್ ಟಕ್.
ಅವಳಿಗೆ ಆ ಸದ್ದು ಕೇಳುವುದಿಲ್ಲ,
ಗೆಣ್ಣಿಗೆ ಮರ ತಾಗುವುದಷ್ಟೇ ಗೊತ್ತು.
ನನಗೆ ಕೇಳುತ್ತದೆ.
ತಿರುಗುತ್ತೇನೆ.